ಮೊದಲ್ನೇದನ್ನ ಯಾರು ಮಡಚಿದ್ದು?

ಅವ್ವನಿಗೆ ಹೇಳುವುದೇ ಬೇಡ ಅಂದುಕೊಂಡಿದ್ದೆ. ಭಾನುವಾರದ ಫೋನಿನಲ್ಲಿ ನನ್ನ ದನಿಯೇ ಹೇಳಿಬಿಟ್ಟಿತು. ಇಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬೆಳಿಗ್ಗೆ, ಕನಕಪುರದ ಹತ್ತಿರದ ನಮ್ಮೂರಲ್ಲಿ ರಾತ್ರಿ ಒಂಬತ್ತು. ಅವ್ವ ರೇಷ್ಮೆಹುಳಕ್ಕೆ ಸೊಪ್ಪು ಹಾಕಿ ಬಂದು ಕೂತಿದ್ದಳು. ಪ್ಯಾರಾಚೂಟ್ ಕೈಕೊಟ್ಟಿತು, ಅದನ್ನು ಕಳಚಿ ಬಿಟ್ಟು ಇನ್ನೊಂದರಲ್ಲಿ ಇಳಿದೆ ಅಂತ ಹೇಳಿದೆ. ಅಳುತ್ತಾಳೆ ಅಂದುಕೊಂಡೆ, ಅಳಲಿಲ್ಲ.

"ಆ ಎರಡ್ನೇದು ಬಿಚ್ಕತ್ತಲ್ಲ, ಅದನ್ನ ಯಾರು ಮಡಚಿದ್ದು?"

"ರಿಗ್ಗರ್ ಅಂತ ಇರ್ತಾರವ್ವ. ಲೈಸೆನ್ಸ್ ಇರೋರು. ಅದನ್ನ ಅವರೇ ಮಡಚಬೇಕು."

"ಮೊದಲ್ನೇದನ್ನ?"

"ನಾನೇ."

ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಯಾವಾಗ ಮಡಚಿದ್ದೆ?" ಅಂದಳು. ಹಿಂದಿನ ಭಾನುವಾರ ಸಂಜೆ, ಕತ್ತಲಾಗ್ತಿತ್ತು, ಮನೆಗೆ ಹೊರಡೋ ಆತುರ ಇತ್ತು ಅಂದೆ. ಅವಳು ಬೈಯಲಿಲ್ಲ. ಇವತ್ತು ಗುರುವಾರ. ಅಡುಗೆ ಮಾಡುವಾಗ, ಆಫೀಸಿನ ಮೀಟಿಂಗಿನಲ್ಲಿ, ನಿದ್ದೆ ಹತ್ತುವ ಮುಂಚೆ, ಅದೇ "ಮೊದಲ್ನೇದನ್ನ?", ಅದೇ "ನಾನೇ".

ಶನಿವಾರದ್ದು ನನ್ನ 61ನೇ ಜಿಗಿತ. 13,000 ಅಡಿಯಲ್ಲಿ ವಿಮಾನ ಬಿಟ್ಟು, 4,000ಕ್ಕೆ ಪೈಲಟ್ ಚೂಟ್ ಎಸೆದೆ, ದೊಡ್ಡದನ್ನು ಎಳೆದು ಬಿಚ್ಚುವ ಪುಟ್ಟ ಪ್ಯಾರಾಚೂಟ್ ಅದು. ಬಿಚ್ಚಿಕೊಂಡ ಮೇಲೆ ತಲೆಯೆತ್ತಿ ಮೂರು ವಿಷಯ ನೋಡಬೇಕು: ಇದೆಯಾ, ಚೌಕವಾಗಿದೆಯಾ, ಹೇಳಿದ ಮಾತು ಕೇಳುತ್ತಾ. ಇತ್ತು. ಚೌಕವಾಗಿಯೂ ಇತ್ತು. ಆದರೆ ಲೈನುಗಳೆಲ್ಲ ನನ್ನ ಕತ್ತಿನ ಹಿಂದೆ ಜಡೆ ಹಾಕಿದ ಹಾಗೆ ಹೊಸೆದುಕೊಂಡಿದ್ದವು, ಬಲಗಡೆಯ ಬ್ರೇಕ್ ತಾನಾಗೇ ಬಿಟ್ಟುಕೊಂಡಿತ್ತು. ಒಂದು ಕಡೆ ಬ್ರೇಕ್ ಬಿಗಿಯಾಗಿದ್ದು ಇನ್ನೊಂದು ಕಡೆ ಬಿಟ್ಟುಹೋದರೆ ಪ್ಯಾರಾಚೂಟ್ ಬುಗುರಿಯಾಗುತ್ತದೆ. ನಾನು ಅದರ ದಾರದ ತುದಿ. ಆಕಾಶ, ಬಾದಾಮಿ ತೋಟ, ಆಕಾಶ, ಬಾದಾಮಿ ತೋಟ. ಕಲಿಸಿಕೊಟ್ಟ ಹಾಗೆ ರೈಸರುಗಳನ್ನು, ಅಂದರೆ ಭುಜದಿಂದ ಲೈನುಗಳಿಗೆ ಹೋಗುವ ಪಟ್ಟಿಗಳನ್ನು, ಎರಡೂ ಕೈಯಿಂದ ಅಗಲಿಸಿ ಕಾಲು ಒದ್ದೆ. ಒಂದು ಸುತ್ತು ಬಿಚ್ಚಿತು. ಇನ್ನೊಂದು ಬಿಚ್ಚಿದರೆ ಸರಿಹೋಗುತ್ತೆ ಅನ್ನಿಸಿತು, ಮತ್ತೆ ಒದ್ದೆ.

ಆಮೇಲೆ ಬಲಗೈ ಮೊದಲನೆಯದನ್ನು ಕಳಚುವ ಕೆಂಪು ಹಿಡಿಗೆ, ಎಡಗೈ ಎರಡನೆಯದನ್ನು ಬಿಚ್ಚುವ, ಎದೆಯ ಎಡಗಡೆಯ ಲೋಹದ ಹಿಡಿಗೆ. ಕೆಂಪನ್ನು ಎಳೆದ ಕೂಡಲೇ ಸುತ್ತುವುದು ನಿಂತಿತು. ಭುಜದ ಮೇಲೆ ಒಂದರೊಳಗೊಂದು ಪೋಣಿಸಿದ ಮೂರು ಉಂಗುರಗಳಿರುತ್ತವೆ, ಬಿಲ್ ಬೂತ್ ಎಂಬಾತ 1970ರ ದಶಕದಲ್ಲಿ ರೂಪಿಸಿದ್ದು. ದೊಡ್ಡ ಉಂಗುರದ ಭಾರವನ್ನು ಚಿಕ್ಕದು, ಅದರ ಭಾರವನ್ನು ಇನ್ನೂ ಚಿಕ್ಕದು ಹೊತ್ತು, ಕೊನೆಗೆ ಒಂದು ದಾರದ ಕುಣಿಕೆ, ಅದರೊಳಗೆ ಹಳದಿ ಕೇಬಲ್. ಕೇಬಲ್ ಸರಿದರೆ ಮೂರೂ ಪಟಪಟ ಬಿಚ್ಚಿಕೊಳ್ಳುತ್ತವೆ. ಎರಡನೆಯದು ತೆರೆದುಕೊಂಡಿತು, ಬೆಳ್ಳಗೆ. ನೆಲಕ್ಕಿಳಿದ ಮೇಲೂ ಕೆಂಪು ಹಿಡಿ ನನ್ನ ಮುಷ್ಟಿಯಲ್ಲೇ ಇತ್ತು, ಬೆರಳುಗಳನ್ನು ಒಂದೊಂದಾಗಿ ಬಿಡಿಸಬೇಕಾಯಿತು.

ಇಳಿದು ಅರ್ಧ ಗಂಟೆ ಆಗಿರಲಿಲ್ಲ, ಎರಡು ಸಾವಿರಕ್ಕೂ ಹೆಚ್ಚು ಸಲ ಹಾರಿರುವ ಒಬ್ಬರು ತಮ್ಮ ಗೇರ್ ತಂದು ಮುಂದಿಟ್ಟರು. "ಇವತ್ತೇ ಇನ್ನೊಂದು ಹಾರು, ಇಲ್ಲದಿದ್ದರೆ ಭಯ ಮನೆ ಮಾಡಿಕೊಳ್ಳುತ್ತೆ." ಒಳ್ಳೆಯ ಮನುಷ್ಯ, ನಾನು ಕಲಿಯುವಾಗ ಎಷ್ಟೋ ಸಲ ಜೊತೆಗೆ ಹಾರಿದವರು. ಆದರೂ ಆ ಮಾತು ತಪ್ಪು ಅಂತಲೇ ನನಗೆ ಈಗಲೂ ಅನ್ನಿಸುತ್ತದೆ. ಭಯವನ್ನು ಓಡಿಸುವ ಅವಸರದಲ್ಲಿ, ನಡೆದದ್ದೇನು ಅಂತ ಯಾರೂ ಕೇಳುವುದಿಲ್ಲ.

ಕೇಳಿದ್ದು ರಿಗ್ಗರ್ ಒಬ್ಬರೇ. ಅರವತ್ತು ದಾಟಿದವರು, ಬೇಕಾದಷ್ಟೇ ಮಾತು. ಕಳಚಿ ಬಿಟ್ಟಿದ್ದ ನನ್ನ ಪ್ಯಾರಾಚೂಟ್ ಎರಡು ಸಾಲು ಬಾದಾಮಿ ಮರಗಳ ನಡುವೆ ಧೂಳು ಮೆತ್ತಿಕೊಂಡು ಬಿದ್ದಿತ್ತು. ಭಾನುವಾರ ಮಧ್ಯಾಹ್ನ ಅದನ್ನು ಅವರ ಮೇಜಿನ ಮೇಲೆ ಹರಡಿದೆವು. ಬ್ರೇಕಿನ ಹಿಡಿಗೆ ಒಂದು ಚೂಪು ತುದಿ ಇರುತ್ತದೆ, ಮಡಚುವಾಗ ಅದನ್ನು ಲೈನಿನ ಕಣ್ಣಿನೊಳಗೆ ತೂರಿಸಿ ಪೂರ್ತಿ ಒತ್ತಬೇಕು. "ಇದೇ ಕಾರಣ ಅಂತ ಆಣೆ ಮಾಡಲಾರೆ. ಆದರೆ ಅರ್ಧ ಒತ್ತಿದ್ದರೆ ಹೀಗಾಗುತ್ತೆ" ಅಂದು, ಅರ್ಧ ಒತ್ತಿ, ಎರಡೇ ಬೆರಳಲ್ಲಿ ಎಳೆದು ತೋರಿಸಿದರು. ಸದ್ದಿಲ್ಲದೆ ಜಾರಿ ಬಂತು.

"ಎಷ್ಟು ಅಡಿಯಲ್ಲಿ ಕಳಚಿದೆ?"

"2,500."

ನನ್ನಂಥ ಎ ಲೈಸೆನ್ಸಿನವರಿಗೆ, ಅಂದರೆ ಮೊದಲ ಹಂತದವರಿಗೆ, ಅದೇ ಗಡಿ. 2,500 ಅಡಿಗೆ ಬಂದಾಗ ಪ್ಯಾರಾಚೂಟ್ ಮಾತು ಕೇಳುತ್ತಿಲ್ಲ ಅಂದರೆ ಯೋಚನೆ ಮುಗಿಯಿತು, ಕೈ ಹಿಡಿಗೆ ಹೋಗಬೇಕು. ಅವರು ನನ್ನ ಕೈಯಲ್ಲಿದ್ದ, ಎತ್ತರ ಅಳೆಯುವ ಆಲ್ಟಿಮೀಟರ್ ಬಿಚ್ಚಿಸಿಕೊಂಡು ಅದರಲ್ಲಿ ದಾಖಲಾದ ಗೆರೆಯನ್ನು ಕಂಪ್ಯೂಟರಿನಲ್ಲಿ ತೆರೆದರು. ಗೆರೆ ಮುರಿದದ್ದು, ಅಂದರೆ ನಾನು ಕಳಚಿದ್ದು, 1,900ರಲ್ಲಿ. ಸೆಕೆಂಡಿಗೆ ಸುಮಾರು 100 ಅಡಿಯಂತೆ ಇಳಿಯುತ್ತಿದ್ದೆ. ಆರು ಸೆಕೆಂಡು.

"ಎಎಡಿ ಇತ್ತಲ್ಲ" ಅಂದೆ. ಏನೂ ಮಾಡದಿದ್ದರೂ ಕೊನೆಗೆ ತಾನಾಗಿ ಎರಡನೆಯದನ್ನು ಬಿಚ್ಚುವ ಯಂತ್ರ ಅದು. ಅವರು ಇಲ್ಲ ಅಂತ ತಲೆಯಾಡಿಸಿದರು. ಅದು 750 ಅಡಿಯ ಸುಮಾರಿಗೆ ನೋಡುತ್ತದೆ, ವೇಗ ಗಂಟೆಗೆ ಸುಮಾರು 125 ಕಿ.ಮೀ. ದಾಟಿದ್ದರೆ ಮಾತ್ರ ಕೆಲಸ ಮಾಡುತ್ತದೆ. ನಾನು ಸುತ್ತುತ್ತ ಇಳಿಯುತ್ತಿದ್ದ ವೇಗ ಅದಕ್ಕಿಂತ ಕಡಿಮೆ. ಅದು ನನ್ನನ್ನು ಸರಿಯಾಗಿ ಇಳಿಯುತ್ತಿರುವವಳು ಅಂದುಕೊಂಡು ಸುಮ್ಮನಿರುತ್ತಿತ್ತು.

ಮತ್ತೆ ಹಾರಬೇಕೋ ಬೇಡವೋ ಅನ್ನುವ ಪ್ರಶ್ನೆ ನನಗೆ ನಿಜವಾಗಿ ಹುಟ್ಟಿದ್ದು ಅಲ್ಲಿ, ಆ ಗೆರೆಯ ಮುಂದೆ. ಬಟ್ಟೆಯ ಮೇಲೆ, ಲೈನುಗಳ ಮೇಲೆ ನನಗೆ ಅಪನಂಬಿಕೆ ಬಂದಿಲ್ಲ. ಆ ಆರು ಸೆಕೆಂಡು "ಇನ್ನೊಂದು ಸುತ್ತು ಬಿಚ್ಚಿದರೆ ಸರಿಹೋಗುತ್ತೆ" ಅನ್ನುತ್ತಿದ್ದವಳ ಮೇಲೆ ಬಂದಿದೆ. ಅವಳು ಗಾಬರಿಯಾಗಿರಲಿಲ್ಲ. ಗಾಬರಿಯಾಗಿದ್ದರೆ ಬೇಗ ಎಳೆಯುತ್ತಿದ್ದಳೇನೋ. ಅವಳು ಉಳಿಸಿಕೊಳ್ಳಲು ನೋಡುತ್ತಿದ್ದಳು. ಎರಡು ವರ್ಷ ದುಡ್ಡು ಕೂಡಿಟ್ಟು ಸೆಕೆಂಡ್ ಹ್ಯಾಂಡ್ ಕೊಂಡ ಪ್ಯಾರಾಚೂಟ್, ತಾನೇ ಮಡಚಿದ್ದು, ಕೈಯಾರೆ ಹೇಗೆ ಬಿಸಾಕುವುದು?

ಈ ಬುದ್ಧಿ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ನಮ್ಮ ಹುಳಕ್ಕೆ ಹಾಲುತೊಂಡೆ ರೋಗ ಬಂತು. ನಾಲ್ಕು ಜ್ವರ (ಹುಳ ಪೊರೆ ಬಿಡುವ ಹೊತ್ತು) ಕಳೆದು, ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಅನ್ನುವಾಗ. ಮೈ ಊದಿ, ತಟ್ಟೆಯ ಅಂಚಿಗೆ ತೆವಳಿ, ಮುಟ್ಟಿದರೆ ಹಾಲಿನಂಥ ನೀರು ಒಸರುತ್ತಿತ್ತು. ಅಪ್ಪ ಒಂದೊಂದೇ ಆರಿಸಿ ತೆಗೆಯುತ್ತ ಕೂತ. "ಅರ್ಧನಾದ್ರೂ ಉಳೀತದೆ, ಇನ್ನೆರಡು ದಿನ ನೋಡಾಣ." ಸಾಲದ ಹುಳ. ಅಪ್ಪನನ್ನು ನಾನು ಯಾವತ್ತೂ ದೂರಲಾರೆ. ಅವ್ವ ಸಂಜೆತನಕ ನೋಡಿದಳು. ಆಮೇಲೆ ಮಾತಾಡದೆ ತಟ್ಟೆಗಳನ್ನು ಒಂದೊಂದಾಗಿ ಹೊತ್ತುಕೊಂಡು ಹೋಗಿ ಗುಂಡಿಗೆ ಸುರಿದು ಮೇಲೆ ಸುಣ್ಣ ಹಾಕಿ ಮುಚ್ಚಿದಳು. ಬದುಕಿದ್ದವೂ ಇದ್ದವು ಅದರಲ್ಲಿ. ನಾನು ಅತ್ತಿದ್ದೆ. ಅವ್ವನಿಗೆ ಕರುಣೆ ಇಲ್ಲ ಅಂತ ಎಷ್ಟೋ ವರ್ಷ ನನ್ನೊಳಗೆ ಒಂದು ಕೋಪ ಇತ್ತು.

ಪಕ್ಕದ ಮನೆಯವರು ಹತ್ತೇ ದಿನಕ್ಕೆ ಹೊಸ ಮರಿ ತಂದರು. ಅವ್ವ ತರಲಿಲ್ಲ. ತಟ್ಟೆ, ಹುಳ ಗೂಡು ಕಟ್ಟುವ ಚಂದ್ರಿಕೆ ಎಲ್ಲ ಬಿಸಿಲಿಗೆ ಹಾಕಿದಳು, ಬ್ಲೀಚಿಂಗ್ ಪುಡಿ ಕಲಸಿ ಗೋಡೆ, ನೆಲ, ಸೂರು ತೊಳೆದಳು, ಒಂದು ಬೆಳೆ ಬಿಟ್ಟಳು. ಇಡೀ ಬೆಳೆ ಬಿಡುವುದು ಅಂದರೆ ಆ ವರ್ಷ ನಮಗೆ ಏನಾಗಿತ್ತು ಅಂತ ಹುಳ ಸಾಕಿದವರಿಗೆ ಬಿಡಿಸಿ ಹೇಳಬೇಕಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಪ್ಯಾರಾಚೂಟಿಗೆಂದೇ ನಮ್ಮ ಸೀಮೆಯ ರೇಷ್ಮೆಗೆ ಬೇಡಿಕೆ ಬಂದಿತ್ತು. ಈಗೆಲ್ಲ ನೈಲಾನ್. ಆದರೂ ಮೊನ್ನೆ ಮೇಜಿನ ಮೇಲೆ ಬಟ್ಟೆ ಹರಡಿದಾಗ ನನ್ನ ಕಣ್ಣಿಗೆ ಬಂದದ್ದು ಅವ್ವ ತೊಳೆದು ಬಿಸಿಲಿಗಿಟ್ಟ ತಟ್ಟೆಗಳು.

ಅವಳು ಇನ್ನೊಂದು ಕೇಳಿದ್ದಳು. "ಮಡಚಿದೋರ್ಗೆ ಏನಾರ ಕೊಟ್ಯಾ?" ಇಲ್ಲೂ ಅದೇ ರೂಢಿ ಇದೆ ಅಂದಾಗ ಅವಳಿಗೆ ಸಮಾಧಾನವಾಯಿತು. ಎರಡನೆಯದು ಕಾಪಾಡಿದರೆ ಅದನ್ನು ಮಡಚಿದ ರಿಗ್ಗರಿಗೆ ಒಂದು ಬಾಟಲಿ ತಂದುಕೊಡಬೇಕು. ಮಂಗಳವಾರ ಕೊಟ್ಟೆ. ಅವರು ಅದರ ಮೇಲೆ ಒಂದು ಚೀಟಿ ಅಂಟಿಸಿ, ನನ್ನ ಹೆಸರು, ತಾರೀಖು ಬರೆದು, ಮೇಲಿನ ಹಲಗೆಯ ಮೇಲಿಟ್ಟರು. ಅಲ್ಲಿ ಆಗಲೇ ಒಂದು ಸಾಲಿತ್ತು. ಒಂದನ್ನೂ ತೆರೆದಿರಲಿಲ್ಲ. ಕೆಲವು ಚೀಟಿಗಳ ಶಾಯಿ ಪೂರ್ತಿ ಮಾಸಿತ್ತು. ಆಮೇಲೆ ನನ್ನ ಎರಡನೆಯದನ್ನು ಮತ್ತೆ ಮಡಚಲು ಕೂತರು. ಅಂಗುಲ ಅಂಗುಲ ಬೆಳಕಿಗೆ ಹಿಡಿದು ನೋಡಿ, ಮಡಚಿ, ಪಿನ್ನಿಗೆ ಕೆಂಪು ದಾರ ಸುತ್ತಿ, ಸೀಸದ ಮುದ್ರೆ ಒತ್ತಿ, ಕಾರ್ಡಿನಲ್ಲಿ ತಾರೀಖು ಬರೆದು ಸಹಿ ಹಾಕಿದರು. ಹಾರಿದರೂ ಹಾರದಿದ್ದರೂ 180 ದಿನಕ್ಕೊಮ್ಮೆ ಇದನ್ನೆಲ್ಲ ಮತ್ತೆ ಮಾಡಬೇಕು. ನಾನು ಹಿಂದಿನ ಭಾನುವಾರ ಅರೆಗತ್ತಲಲ್ಲಿ ಮಂಡಿಯೂರಿದ್ದು ನೆನಪಾಗಿ ಅವರ ಮುಖ ನೋಡಲು ಆಗಲಿಲ್ಲ.

ಈ ಶನಿವಾರ ಹಾರುವುದಿಲ್ಲ. ಹೋಗುತ್ತೇನೆ. ಅಭ್ಯಾಸದ ಹಾರ್ನೆಸ್‌ನಲ್ಲಿ ನೇತಾಡಿ, ಯಾರಾದರೂ ಎತ್ತರ ಕೂಗುತ್ತಿರುವಾಗ, 2,500 ಅಂದ ತಕ್ಷಣ ಕೈ ಹಿಡಿಗೆ ಹೋಗುವ ತನಕ ಎಳೆಯುತ್ತೇನೆ. ಒಂದು ಸುತ್ತು ಬಾಕಿ ಇದೆ ಅಂತ ಅವರು ಆಸೆ ಹುಟ್ಟಿಸಿದರೂ ಎಳೆಯಬೇಕು, ಹಾಗೆ ಆಸೆ ಹುಟ್ಟಿಸಿ ಅಂತ ರಿಗ್ಗರಿಗೆ ಕೇಳಿಕೊಂಡಿದ್ದೇನೆ. ಮಡಚುವುದನ್ನು ಅವರ ಎದುರಿಗೆ ಕೂತು ಮೊದಲಿನಿಂದ ಕಲಿಯುತ್ತೇನೆ. ಅದಾದ ಮೇಲೆ, ಮುಂದಿನ ವಾರವೋ ಅದರಾಚೆಯ ವಾರವೋ, 62.

ನಿನ್ನೆ ಅವ್ವನಿಗೆ ಇಷ್ಟನ್ನೂ ಹೇಳಿದೆ. ಹುಳ ನಾಲ್ಕನೇ ಜ್ವರದಿಂದ ಎದ್ದಿವೆಯಂತೆ, ಈಗ ಸೊಪ್ಪು ಎಷ್ಟು ಹಾಕಿದರೂ ಸಾಲದಂತೆ.

"ಈ ಸಲ ಯಾರು ಮಡಚ್ತಾರೆ?"

"ನಾನೇ ಅವ್ವ."

"ಬೆಳಕಿದ್ದಾಗ ಮಡಚು" ಅಂದು, ಸೊಪ್ಪು ಹಾಕಬೇಕು ಅಂತ ಫೋನ್ ಇಟ್ಟಳು.