ಎರಡನೇ ನಂಬರಿನ ಸ್ಪಿಂಡಲ್

ಬಿ.ಫಾರ್ಮಾ ಎರಡನೇ ವರ್ಷದ ನನ್ನ ಪ್ರಾಕ್ಟಿಕಲ್ ರೆಕಾರ್ಡು ಇನ್ನೂ ಮನೆಯ ಅಟ್ಟದಲ್ಲಿದೆ. ಅದರ ಒಂದು ಪುಟದಲ್ಲಿ ‘ಸ್ನಿಗ್ಧತೆ 360 ಸೆಂಟಿಪಾಯ್ಸ್’ ಎಂದು ನಾನು ಬರೆದಿರುವುದರ ಪಕ್ಕ ಕೆಂಪು ಶಾಯಿಯ ನಾಲ್ಕು ಪ್ರಶ್ನೆಗಳಿವೆ: ಯಾವ ಸ್ಪಿಂಡಲ್? ನಿಮಿಷಕ್ಕೆ ಎಷ್ಟು ಸುತ್ತು? ಎಷ್ಟು ಡಿಗ್ರಿ? ಎಷ್ಟು ಹೊತ್ತು ಬಿಟ್ಟು? ಸ್ನಿಗ್ಧತೆ ಎಂದರೆ ದ್ರವದ ಮಂದತನ, ಸೆಂಟಿಪಾಯ್ಸ್ ಅದರ ಅಳತೆ; ಸ್ಪಿಂಡಲ್ ಎಂದರೆ ಅದನ್ನು ಅಳೆಯಲು ದ್ರವದಲ್ಲಿ ಮುಳುಗಿಸಿ ತಿರುಗಿಸುವ ಕಡ್ಡಿ.

ಅಲ್ಲಿಯವರೆಗೆ ನಮಗೆ ಗೊತ್ತಿದ್ದದ್ದು ಗ್ಲಿಸರಿನ್ ಮತ್ತು ಆಸ್ಟ್ವಾಲ್ಡ್ ವಿಸ್ಕೋಮೀಟರ್. ಗಾಜಿನ ಕೊಳವೆಯಲ್ಲಿ ದ್ರವ ಇಳಿಯುವ ಸಮಯ ಹಿಡಿದರೆ ಕೆಲಸ ಮುಗಿಯಿತು. ಆಂಟಾಸಿಡ್ ಸಸ್ಪೆನ್ಷನ್, ಅಂದರೆ ಹೊಟ್ಟೆಯುರಿಗೆ ಕೊಡುವ, ಕಣಗಳು ತೇಲುವ ಮದ್ದು, ಅಷ್ಟು ಸಾಧುಪ್ರಾಣಿಯಲ್ಲ. ಮೆಗ್ನೀಸಿಯಂ ಹೈಡ್ರಾಕ್ಸೈಡಿನ ಕಣಗಳು ಆ ಸಪೂರ ಕೊಳವೆಯಲ್ಲಿ ಸಿಕ್ಕಿಕೊಳ್ಳುತ್ತವೆ. ಮೇಲಾಗಿ, ಕ್ಸಾಂಥನ್ ಗಮ್ ಬೆರೆತ ಮದ್ದು ಸುಮ್ಮನಿದ್ದಾಗ ಮಂದ, ಕದಡಿದರೆ ತೆಳು. ಹಾಗಿರಲೆಂದೇ ಗಮ್ ಹಾಕುವುದು: ಶೀಷೆ ಕಪಾಟಿನಲ್ಲಿರುವಾಗ ಕಣಗಳು ಬೇಗ ತಳ ಸೇರಬಾರದು, ಕುಲುಕಿದಾಗ ಚಮಚಕ್ಕೆ ಸರಾಗವಾಗಿ ಬೀಳಬೇಕು. ಇಲ್ಲವಾದರೆ ಮೊದಲ ಚಮಚ ಬರೀ ನೀರು, ಕೊನೆಯದು ಬರೀ ಔಷಧ.

ಬೆಳಗಿನ ತಂಡದ ನಾವು ಶೀಷೆಯನ್ನು ಚೆನ್ನಾಗಿ ಕುಲುಕಿ, ಬೀಕರಿಗೆ ಸುರಿದು, ಕೂಡಲೇ ಅಳೆದೆವು. ಈ ಸಲ ಯಂತ್ರ ಬೇರೆ: ಮೋಟಾರ್ ಸ್ಪಿಂಡಲನ್ನು ತಿರುಗಿಸುತ್ತದೆ, ದ್ರವ ಅದನ್ನು ಎಷ್ಟು ತಡೆಯುತ್ತದೆಂದು ಡಯಲ್ ಮೇಲಿನ ಮುಳ್ಳು ತೋರಿಸುತ್ತದೆ. ಮುಳ್ಳು 9ರಲ್ಲಿ ನಿಂತಿತು. ಮೂರನೇ ನಂಬರಿನ ಸ್ಪಿಂಡಲ್, 30 ಸುತ್ತು, ಮುಳ್ಳಿನ ಅಂಕಿಯನ್ನು ಗುಣಿಸಬೇಕಾದ ಗುಣಕ 40. ಉತ್ತರ 360. ಮಧ್ಯಾಹ್ನದ ತಂಡದವರು ಬೀಕರ್ ತುಂಬಿಟ್ಟು ಊಟಕ್ಕೆ ಹೋಗಿ ಬಂದು ಅಳೆದರು. ಅವರಿಗೆ 13, ಅಂದರೆ 520. ಜಗಳ ಮೇಷ್ಟ್ರ ಮೇಜಿನವರೆಗೆ ಹೋಯಿತು.

“ಬಿಸಿಲೇರಿದ ಮೇಲೆ ತೆಳುವಾಗಬೇಕಿತ್ತಲ್ಲವೇನ್ರಪ್ಪಾ?” ಎಂದರು ಅವರು. ತಪ್ಪು ಯಾರದೆಂದು ಹೇಳಲಿಲ್ಲ. ಮೋಟಾರ್ ಹಾಕಿ, ಅರ್ಧ ನಿಮಿಷಕ್ಕೊಮ್ಮೆ ಮುಳ್ಳು ಓದಿ ಬರೆಯಿರಿ ಎಂದರು. 13, 12, 11... ನಮ್ಮ ಕಣ್ಣೆದುರೇ ಮುಳ್ಳು ಇಳಿಯುತ್ತಾ 9ರ ಹತ್ತಿರ ಬಂತು. ಯಂತ್ರ ನಿಲ್ಲಿಸಿ, ನಮ್ಮನ್ನು ಚಹಾಕ್ಕೆ ಕಳಿಸಿದರು. ಬಂದು ಮತ್ತೆ ತಿರುಗಿಸಿದಾಗ ಮುಳ್ಳು ಮೇಲೇರಿತ್ತು. ಕದಡಿದರೆ ತೆಳುವಾಗಿ, ಬಿಟ್ಟರೆ ಮತ್ತೆ ಮಂದವಾಗುವ ಈ ಗುಣಕ್ಕೆ ಥಿಕ್ಸೋಟ್ರಾಪಿ ಎಂದು ಹೆಸರು. ಆ ಪದವನ್ನು ಅದಕ್ಕೂ ಮೊದಲು ನಾನು ಪರೀಕ್ಷೆಗೆಂದು ಉರು ಹೊಡೆದಿದ್ದೆ, ಅಷ್ಟೆ.

ನಮ್ಮ 9ನ್ನೂ ಅವರು ಬಿಡಲಿಲ್ಲ. ಪೂರ್ತಿ ಅಳತೆ 100 ಇರುವ ಡಯಲ್‌ನಲ್ಲಿ ಒಂದು ಗೆರೆ ಆಚೀಚೆಯಾಗುವುದು ಸಹಜ. ಒಂದು ಗೆರೆಯೆಂದರೆ ಇಲ್ಲಿ 40 ಸೆಂಟಿಪಾಯ್ಸ್. 360ರಲ್ಲಿ 40 ಹೋದರೆ ಉಳಿದ ಮಾತು ಎಷ್ಟರದು? ಮುಳ್ಳು 10ಕ್ಕಿಂತ ಕೆಳಗಿದ್ದರೆ ಆ ಓದನ್ನು ನಂಬಬೇಡಿ, ಎರಡನೇ ನಂಬರಿನ ಸ್ಪಿಂಡಲ್ ಹಾಕಿ, ಅದರ ಗುಣಕ 10 ಎಂದರು. ಅದರ ಬಿಲ್ಲೆಯನ್ನು ಓರೆಯಾಗಿ ಮುಳುಗಿಸಬೇಕು, ನೇರ ಇಳಿಸಿದರೆ ಅಡಿಯಲ್ಲಿ ಗಾಳಿಗುಳ್ಳೆ ಸಿಕ್ಕಿಕೊಳ್ಳುತ್ತದೆ ಎಂದು ಮಾಡಿಯೂ ತೋರಿಸಿದರು. ಆದರೆ ಸ್ಪಿಂಡಲ್ ತಿರುಗುವಾಗ ಮುಳ್ಳು ತೂರಾಡಿತು. ಅವರು ಅದನ್ನು ಬಿಚ್ಚಿ, ಕಣ್ಣಿನ ಮಟ್ಟಕ್ಕೆ ಹಿಡಿದು ನೋಡಿ, ಏನೂ ಹೇಳದೆ ಪೆಟ್ಟಿಗೆಗೆ ಹಾಕಿದರು.

ಮುಂದೆ ನಾನು ಸೇರಿದ ಕಾರ್ಖಾನೆಯಲ್ಲಿ ಒಂದೇ ಬ್ಯಾಚಿಗೆ ಹಗಲು ಪಾಳಿಯದೊಂದು ಅಂಕಿ, ರಾತ್ರಿ ಪಾಳಿಯದೊಂದು. ಎಲ್ಲರೂ ಗಮ್ ಪೂರೈಸಿದವನನ್ನು ಬೈಯುತ್ತಿದ್ದರು. ನಾನು ಕೇಳಿದ್ದು ಆ ನಾಲ್ಕು ಪ್ರಶ್ನೆಗಳನ್ನೇ. ಕುಲುಕಿದ ಕೂಡಲೇ ಒಬ್ಬರು, ಒಂದು ಗಂಟೆ ಬಿಟ್ಟು ಇನ್ನೊಬ್ಬರು ಅಳೆಯುತ್ತಿದ್ದರು. ಇಬ್ಬರಿಗೂ 25 ಡಿಗ್ರಿ, ಒಂದೇ ಸ್ಪಿಂಡಲ್, ಒಂದೇ ವೇಗ, ಒಂದೇ ಕಾಯುವ ಹೊತ್ತು ಎಂದು ಬರೆದಿಟ್ಟ ಮೇಲೆ ಬೈಗುಳ ನಿಂತಿತು.

ಈಗ ಒಂದು ತಪ್ಪೊಪ್ಪಿಗೆ. ಆ ಸ್ಪಿಂಡಲ್‌ಗಳ ತಿರುಪಿನ ಎಳೆ ಎಡಮುಖದ್ದು, ಸಾಮಾನ್ಯ ತಿರುಪಿಗೆ ವಿರುದ್ಧ. ಪ್ರಾಕ್ಟಿಕಲ್‌ಗೆ ಒಂದು ವಾರ ಮೊದಲು, ಯಾರೂ ಇಲ್ಲದಾಗ, ಉಲ್ಟಾ ತಿರುಗಿಸುತ್ತಾ ಎರಡನೇ ನಂಬರಿನದನ್ನು ಕಲ್ಲಿನ ನೆಲಕ್ಕೆ ಬೀಳಿಸಿ ಬಗ್ಗಿಸಿದವನು ನಾನು. ಕೈಯಲ್ಲೇ ನೆಟ್ಟಗೆ ಮಾಡಿ, ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬಂದಿದ್ದೆ.