ಸೂತ್ರದಲ್ಲಿ ಕಾಣದ ಅಯೋಡಿನ್

ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್ ಅಂದರೆ ನನಗೆ ಮೊದಲು ನೆನಪಾಗುವುದು ಅಸಿಟೋನ್-ಅಯೋಡಿನ್ ಪ್ರಯೋಗ. ಅಸಿಟೋನಿಗೆ ಆಸಿಡ್ ಬೆರೆಸಿ ಅಯೋಡಿನ್ ಹಾಕುತ್ತಿದ್ದೆವು. ಆಗಾಗ ಪಿಪೆಟ್‌ನಲ್ಲಿ ಸ್ವಲ್ಪ ತೆಗೆದು ಸೋಡಿಯಂ ಬೈಕಾರ್ಬೊನೇಟ್‌ಗೆ ಬಿಡಬೇಕು. ನೊರೆ ಉಕ್ಕುತ್ತದೆ, ಆಸಿಡ್ ಇಲ್ಲವಾಗಿ ಕ್ರಿಯೆ ನಿಲ್ಲುತ್ತದೆ. ಉಳಿದ ಅಯೋಡಿನ್ ಎಷ್ಟು ಅಂತ ತಿಳಿಯಲು ಥಯೋಸಲ್ಫೇಟ್ ಟೈಟ್ರೇಷನ್, ಅಂದರೆ ಬ್ಯೂರೆಟ್‌ನಿಂದ ಹನಿಹನಿಯಾಗಿ ಬಿಟ್ಟು ಅಳೆಯುವುದು. ಸ್ಟಾರ್ಚ್ ಹಾಕಿದ ಕಡು ನೀಲಿ ಒಂದೇ ಹನಿಗೆ ಮಾಯವಾಗುವುದನ್ನು ನೋಡುವುದೇ ಒಂದು ಖುಷಿ.

ಸಮಯ ಕಳೆದಂತೆ ಉಳಿದ ಅಯೋಡಿನ್ ಎಷ್ಟು ಅಂತ ಗ್ರಾಫ್ ಹಾಕಿದರೆ ನೇರ ಗೆರೆ. ಅಯೋಡಿನ್ ಕಡಿಮೆಯಾಗುತ್ತಾ ಹೋದರೂ ವೇಗ ಕುಗ್ಗಲಿಲ್ಲ. "ಈಗ ಅಯೋಡಿನ್ ಎರಡು ಪಟ್ಟು ಹಾಕಿ ನೋಡಿ" ಅಂದರು ಮೇಡಂ. ಗೆರೆ ಮೇಲಿನಿಂದ ಶುರುವಾಯಿತು, ಇಳಿಜಾರು ಮಾತ್ರ ಅದೇ. ಆಸಿಡ್ ಎರಡು ಪಟ್ಟು ಮಾಡಿದಾಗ ವೇಗವೂ ಎರಡು ಪಟ್ಟಾಯಿತು. ಕ್ರಿಯೆಯಲ್ಲಿ ಖರ್ಚಾಗುವುದು ಅಯೋಡಿನ್, ವೇಗದ ಸೂತ್ರದಲ್ಲಿ (ವೇಗ ಯಾವುದರ ಸಾಂದ್ರತೆಯ ಮೇಲೆ ನಿಂತಿದೆ ಅನ್ನುವ ಲೆಕ್ಕದಲ್ಲಿ) ಕೂರುವುದು ಆಸಿಡ್. ವಿಚಿತ್ರ ಅಲ್ವಾ?

ಆಸಿಡ್ ಅಸಿಟೋನನ್ನು ಮೆಲ್ಲಗೆ ಈನಾಲ್ ಎಂಬ ಅದರದ್ದೇ ಇನ್ನೊಂದು ರೂಪಕ್ಕೆ ಬದಲಿಸುತ್ತದೆ. ಈನಾಲ್ ಹುಟ್ಟಿದ ತಕ್ಷಣ ಅಯೋಡಿನ್ ಅದನ್ನು ಹಿಡಿಯುತ್ತದೆ. ಒಟ್ಟು ವೇಗವನ್ನು ನಿರ್ಧರಿಸುವ ನಿಧಾನದ ಹೆಜ್ಜೆ ಮೊದಲನೆಯದು, ಅದರಲ್ಲಿ ಅಯೋಡಿನ್‌ಗೆ ಕೆಲಸವೇ ಇಲ್ಲ. 1904ರಲ್ಲಿ ರಸಾಯನ ವಿಜ್ಞಾನಿ ಲ್ಯಾಪ್‌ವರ್ತ್ ಬ್ರೋಮಿನ್ ಬಳಸಿ ಕಂಡುಕೊಂಡದ್ದೂ ಇದನ್ನೇ. ಕಣ್ಣಿಗೆ ಕಾಣದ ಹೆಜ್ಜೆಯೊಂದನ್ನು ಬ್ಯೂರೆಟ್ ಹಿಡಿದು ಪತ್ತೆ ಮಾಡಬಹುದು ಅನ್ನುವುದು ನನಗೆ ಇಂದಿಗೂ ದೊಡ್ಡ ಸಂಗತಿ.

ಆದರೆ ಮೇಡಂ ಅಲ್ಲಿಗೇ ಬಿಡಲಿಲ್ಲ. ಸೂತ್ರಕ್ಕೆ ಹೊಂದಿತು ಅಂದ ಮಾತ್ರಕ್ಕೆ ಮೆಕ್ಯಾನಿಸಂ, ಅಂದರೆ ನಾವು ಊಹಿಸಿದ ಹೆಜ್ಜೆಗಳ ಸಾಲು, ಸರಿ ಅಂತಲ್ಲ ಅನ್ನುತ್ತಿದ್ದರು. ಹೈಡ್ರೋಜನ್ ಮತ್ತು ಅಯೋಡಿನ್ ಸೇರುವ ಕ್ರಿಯೆಯನ್ನು ರಸಾಯನ ವಿಜ್ಞಾನಿ ಬೋಡನ್‌ಸ್ಟೈನ್ 1890ರ ದಶಕದಲ್ಲೇ ಅಳೆದಿದ್ದರು. ವೇಗ ಎರಡರ ಸಾಂದ್ರತೆಗಳ ಗುಣಲಬ್ಧಕ್ಕೆ ತಕ್ಕಂತೆ ಏರುತ್ತದೆ. ಎರಡು ಅಣು ಡಿಕ್ಕಿ ಹೊಡೆದರೆ ಮುಗಿಯಿತು ಅಂತ ದಶಕಗಳ ಕಾಲ ಎಲ್ಲರೂ ನಂಬಿದ್ದರು. 1967ರಲ್ಲಿ ಸಲ್ಲಿವನ್ ಬೆಳಕು ಹಾಯಿಸಿ ಅಯೋಡಿನ್ ಪರಮಾಣುಗಳನ್ನು ಹುಟ್ಟಿಸಿ, ಕ್ರಿಯೆ ನಡೆಯುವುದು ಅವುಗಳ ಮೂಲಕ ಅಂತ ತೋರಿಸಿದರು.

ಹಾಗಾದರೆ ಹಳೆಯ ಸೂತ್ರ ತಪ್ಪಾ? ಇಲ್ಲ. ಮೇಡಂ ಅದನ್ನು ನಮ್ಮ ಕೈಯಲ್ಲೇ ಬಿಡಿಸಿದರು. ಅಯೋಡಿನ್ ಅಣು ಒಡೆಯುವುದು, ಪರಮಾಣುಗಳು ಮತ್ತೆ ಕೂಡುವುದು ಸಮತೋಲದಲ್ಲಿದ್ದರೆ, ಪರಮಾಣು ಸಾಂದ್ರತೆಯ ವರ್ಗ ಅಯೋಡಿನ್ ಸಾಂದ್ರತೆಗೆ ಅನುಪಾತದಲ್ಲಿರುತ್ತದೆ. ಎರಡು ಪರಮಾಣು ಒಂದು ಹೈಡ್ರೋಜನ್ ಅಣುವಿನ ಜೊತೆ ಸೇರುವುದು ನಿಧಾನದ ಹೆಜ್ಜೆ ಅಂದುಕೊಳ್ಳಿ. ಆ ವರ್ಗದ ಜಾಗಕ್ಕೆ ಅಯೋಡಿನ್ ಬರೆದರೆ ಅದೇ ಹಳೆಯ ಸೂತ್ರ! ಪರೀಕ್ಷೆಯಲ್ಲಿ ಇದು ಬರುತ್ತಿರಲಿಲ್ಲ, ಆದರೂ ಇಡೀ ಪೀರಿಯಡ್ ಇದಕ್ಕೇ ಕೊಟ್ಟರು.