ಸ್ಯಾಂಪಲ್ ಕೌಂಟರಿನ ಸಂಜೆಗಳು

ಕಾಲೇಜಿನ ಸಂಚಿಕೆಗೆ ಏನಾದರೂ ಬರೆದುಕೊಡಿ ಎಂದು ಸಂಪಾದಕರು ಕೇಳಿದ್ದಾರೆ. ಡಿಸೆಕ್ಷನ್ ಹಾಲಿನ ಫಾರ್ಮಲಿನ್ ವಾಸನೆ, ಮೊದಲ ವೈವಾದ ನಡುಕ, ಹಾಸ್ಟೆಲ್ಲಿನ ತಮಾಷೆಗಳು, ಇವನ್ನೆಲ್ಲ ನನಗಿಂತ ಚೆನ್ನಾಗಿ ಬರೆಯುವವರು ನಮ್ಮ ಬ್ಯಾಚಿನಲ್ಲೇ ಇದ್ದಾರೆ. ನಾನು ಬರೆಯಬಹುದಾದದ್ದು ಬೇರೆ. ಮೊದಲ ವರ್ಷಗಳಲ್ಲಿ ನಾನು ಕ್ಲಾಸು ಮುಗಿಸಿ ಸಂಜೆ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಆಗ ಇದು ಗೊತ್ತಿದ್ದದ್ದು ರೂಮ್‌ಮೇಟ್‌ಗೆ ಮತ್ತು ಅನಾಟಮಿಯ ಒಬ್ಬ ಮೇಷ್ಟರಿಗೆ ಮಾತ್ರ. ಮುಚ್ಚಿಡಬೇಕು ಅಂತೇನೂ ಇರಲಿಲ್ಲ. ಹೇಳಿದರೆ ಜನ "ಅಯ್ಯೋ ಪಾಪ" ಅನ್ನುತ್ತಿದ್ದರು, ಇಲ್ಲವೇ "ಭೇಷ್" ಅನ್ನುತ್ತಿದ್ದರು. ನನಗೆ ಬೇಕಿದ್ದದ್ದು ತಿಂಗಳ ಖರ್ಚಿಗೆ ದುಡ್ಡು, ಅಷ್ಟೇ.

ಅದಕ್ಕೂ ಮೊದಲು ಟ್ಯೂಷನ್ ಹೇಳಿ ನೋಡಿದ್ದೆ. ಮೆಡಿಕಲ್ ಓದುವವರಿಗೆ ಸುಲಭವಾಗಿ ಸಿಗುವ ಕೆಲಸ ಅದೇ. ಆದರೆ ಪಾಠ ಹೇಳುವುದಕ್ಕೂ ಓದಿಕೊಂಡು ಹೋಗಬೇಕು. ಸಾಲದ್ದಕ್ಕೆ ಆ ಮಕ್ಕಳ ಪರೀಕ್ಷೆ, ನನ್ನ ಇಂಟರ್ನಲ್ಸ್ ಎರಡೂ ಒಂದೇ ವಾರಕ್ಕೆ ಬಂದು ಕೂರುತ್ತಿದ್ದವು. ಲ್ಯಾಬಿನದು ಹಾಗಲ್ಲ, ಗಡಿಯಾರ ನೋಡಿ ಶುರು, ಗಡಿಯಾರ ನೋಡಿ ಮುಕ್ತಾಯ. ಈಗಲೂ ಜೂನಿಯರ್‌ಗಳು ಇಂಥ ವಿಷಯಕ್ಕೆ ಬಂದರೆ ಸಂಬಳ ಎಷ್ಟು ಅಂತ ಆಮೇಲೆ ಕೇಳುತ್ತೇನೆ. ಮೊದಲು ಕೇಳುವುದು, ಆ ಕೆಲಸ ನಿನ್ನ ಹಿಂದೆಯೇ ರೂಮಿಗೂ ಬರುತ್ತದೋ ಹೇಗೆ ಅಂತ.

ಬಂದ ಸ್ಯಾಂಪಲ್ ತೆಗೆದುಕೊಳ್ಳುವುದು, ಫಾರಮ್ಮಿನಲ್ಲಿರುವ ಹೆಸರೂ ಟ್ಯೂಬಿನ ಮೇಲಿನ ಹೆಸರೂ ಒಂದೇನಾ ಎಂದು ನೋಡುವುದು, ನಂಬರ್ ಹಾಕಿ ರಿಜಿಸ್ಟರಿನಲ್ಲಿ ಬರೆದು ಆಯಾ ಸೆಕ್ಷನ್‌ಗೆ ದಾಟಿಸುವುದು, ಇದು ನನ್ನ ಕೆಲಸ. ರಕ್ತವನ್ನು ಗಿರ್ರನೆ ತಿರುಗಿಸಿ ಕಣಗಳನ್ನು ಬೇರ್ಪಡಿಸುವ ಮೆಷಿನ್ನು, ಸೆಂಟ್ರಿಫ್ಯೂಜ್, ತಿರುಗುವಷ್ಟು ಹೊತ್ತು ಬಿಡುವು. ಆ ಬಿಡುವಿಗೆಂದೇ ಲೇಬಲ್ ಹಾಳೆಗಳ ಹಿಂಬದಿಯನ್ನು ಕೂಡಿಟ್ಟುಕೊಂಡಿದ್ದೆ. ತೋಳಿಗೆ ಹೋಗುವ ನರಗಳ ಜಾಲ ಬ್ರೇಕಿಯಲ್ ಪ್ಲೆಕ್ಸಸ್‌ನ ಚಿತ್ರ ಬಿಡಿಸುವುದು: ಬೆನ್ನುಹುರಿಯ ಸಿ 5ರಿಂದ ಟಿ 1ರವರೆಗೆ ಐದು ಬೇರು, ಮೂರು ಟ್ರಂಕ್, ಆರು ಡಿವಿಷನ್, ಮೂರು ಕಾರ್ಡ್, ಆಮೇಲೆ ಕೊಂಬೆಗಳು. ಮೆಷಿನ್ನಿನ ಸದ್ದು ಇಳಿಯುವುದರೊಳಗೆ ಅಲ್ನಾರ್ ನರದವರೆಗೆ ಬಂದಿರಬೇಕು. ಬರದಿದ್ದರೆ ಹಾಳೆ ಹರಿದು ಸ್ಯಾಂಪಲ್ಲುಗಳ ಮುಂದಿನ ಬ್ಯಾಚಿಗೆ ಮತ್ತೆ ಮೊದಲಿನಿಂದ.

ಓದಿನ ಹೊತ್ತು ಕದಿಯುವುದೊಂದೇ ಗೊತ್ತಿದ್ದ ನನಗೆ, ಕೌಂಟರೇ ಪಾಠ ಹೇಳುತ್ತಿದೆ ಎಂದು ಹೊಳೆದದ್ದು ತಡವಾಗಿ. ನೀಲಿ ಮುಚ್ಚಳದ ಟ್ಯೂಬು ಅರ್ಧ ತುಂಬಿ ಬಂದರೆ ವಾಪಸ್ ಕಳಿಸು ಎಂದಿದ್ದರು, ಕಳಿಸುತ್ತಿದ್ದೆ. ಅದು ರಕ್ತ ಎಷ್ಟು ಬೇಗ ಹೆಪ್ಪುಗಟ್ಟುತ್ತದೆಂದು ನೋಡುವ ಪರೀಕ್ಷೆಗೆ; ಟ್ಯೂಬಿನಲ್ಲೇ ಹೆಪ್ಪುಗಟ್ಟದಿರಲೆಂದು ಅದರಲ್ಲಿ 3.2% ಸೋಡಿಯಂ ಸಿಟ್ರೇಟ್ ಇರುತ್ತದೆ, ಸಿಟ್ರೇಟ್ ಒಂದು ಪಾಲಿಗೆ ರಕ್ತ ಒಂಬತ್ತು ಪಾಲು ಇರಲೇಬೇಕು. ರಕ್ತ ಕಡಿಮೆಯಾದರೆ ಸಿಟ್ರೇಟ್ ಹೆಚ್ಚಾಗಿ, ಸರಿಯಾಗಿ ಹೆಪ್ಪುಗಟ್ಟುವ ರಕ್ತವೂ ತಡವಾಗಿ ಹೆಪ್ಪುಗಟ್ಟಿದಂತೆ ರಿಪೋರ್ಟ್ ಬರುತ್ತದೆ. ಬೂದು ಮುಚ್ಚಳದ್ದು ಸಕ್ಕರೆ ಪರೀಕ್ಷೆಗೆ. ಟ್ಯೂಬಿನೊಳಗೂ ರಕ್ತಕಣಗಳು ಸುಮ್ಮನೆ ಕೂರುವುದಿಲ್ಲ, ಗಂಟೆಗೆ 5ರಿಂದ 7% ಗ್ಲೂಕೋಸ್ ತಿಂದು ಮುಗಿಸುತ್ತವೆ. ಅದನ್ನು ತಡೆಯಲು ಫ್ಲೋರೈಡ್ ಹಾಕಿರುತ್ತಾರೆ, ಅದು ಕಟ್ಟಿಹಾಕುವುದು ಎನೊಲೇಸ್ ಎಂಬ ಕಿಣ್ವವನ್ನು. ಬಯೋಕೆಮಿಸ್ಟ್ರಿ ಕ್ಲಾಸಿನಲ್ಲಿ ಗ್ಲೂಕೋಸ್ ಒಡೆಯುವ ಕ್ರಿಯೆ, ಅಂದರೆ ಗ್ಲೈಕಾಲಿಸಿಸ್‌ನ ಹತ್ತು ಹಂತಗಳನ್ನು ಬೋರ್ಡಿನ ಮೇಲೆ ಬರೆದಾಗ ಒಂಬತ್ತನೆಯದರಲ್ಲಿ ಈ ಎನೊಲೇಸ್ ಸಿಕ್ಕಿತು. ಪಕ್ಕದವರೆಲ್ಲ ಬಾಯಿಪಾಠ ಮಾಡುತ್ತಿದ್ದರೆ ನನಗೆ ಪರಿಚಯದವರನ್ನು ಕಂಡಷ್ಟು ಖುಷಿ.

ಹಸಿರು ಮುಚ್ಚಳದ್ದರಲ್ಲಿರುವುದು ಹೆಪಾರಿನ್, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇನ್ನೊಂದು ವಸ್ತು. 1916ರಲ್ಲಿ ಅದರ ಸುಳಿವು ಹಿಡಿದ ಜೇ ಮೆಕ್ಲೀನ್ ಆಗ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ವೈದ್ಯಕೀಯ ಓದುತ್ತಿದ್ದ ಹುಡುಗ, ಅದೂ ಕೂಲಿನಾಲಿ ಮಾಡಿ ದುಡ್ಡು ಕೂಡಿಸಿಕೊಂಡು ಬಂದವನು. ಇದನ್ನು ಓದಿದ ಮೇಲೆ ಹಸಿರು ಟ್ಯೂಬುಗಳ ಮೇಲೆ ನನಗೆ ಸ್ವಲ್ಪ ಪಕ್ಷಪಾತವೇ ಬಂದುಬಿಟ್ಟಿತು.

ಅಲ್ಲಿನ ಹಿರಿಯ ಟೆಕ್ನಿಷಿಯನ್ ಮೇಡಂ ನನ್ನನ್ನು ಮೊದಲ ವಾರದಿಂದಲೇ "ಡಾಕ್ಟ್ರೇ" ಎಂದು ಕರೆಯುತ್ತಿದ್ದರು, ಗೌರವಕ್ಕಲ್ಲ, ಕಾಲೆಳೆಯಲು. ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಟ್ಟ ತಿಳಿದ್ರವದ, ಅಂದರೆ ಸೀರಂನ, ಟ್ಯೂಬನ್ನು ದೀಪಕ್ಕೆ ಹಿಡಿದು, "ಏನ್ ಡಾಕ್ಟ್ರೇ, ಬಣ್ಣ ನೋಡಿದ್ರಾ? ಇದನ್ನ ಮೆಷಿನ್‌ಗೆ ಹಾಕಿದ್ರೆ ಪೊಟ್ಯಾಸಿಯಂ ಸುಳ್ಳು ಹೇಳುತ್ತೆ" ಅನ್ನುವರು. ತಿಳಿ ಹಳದಿ ಇರಬೇಕಾದ ಸೀರಂ ನಸುಗೆಂಪಾಗಿದ್ದರೆ ಕೆಂಪುಕಣಗಳು ಒಡೆದಿವೆ, ಒಳಗಿದ್ದ ಪೊಟ್ಯಾಸಿಯಂ ಹೊರಗೆ ಚೆಲ್ಲಿದೆ ಎಂದರ್ಥ.

ಇಂಟರ್ನ್‌ಶಿಪ್ಪಿನಲ್ಲಿ ಒಮ್ಮೆ ರೋಗಿಯೊಬ್ಬರ ರಿಪೋರ್ಟಿನಲ್ಲಿ ಪೊಟ್ಯಾಸಿಯಂ ಹೌಹಾರುವಷ್ಟು ಹೆಚ್ಚು, ಕ್ಯಾಲ್ಸಿಯಂ ನಂಬಲಾಗದಷ್ಟು ಕಡಿಮೆ. ವಾರ್ಡಿನಲ್ಲಿ ಓಡಾಟ ಶುರುವಾಯಿತು. ಆ ರೋಗಿಯೋ ಮಂಚದ ಮೇಲೆ ಕೂತು ಪೇಪರ್ ಓದುತ್ತಿದ್ದಾರೆ, ಇಸಿಜಿ ನಾರ್ಮಲ್. ರಕ್ತ ತೆಗೆದವರನ್ನು ಕೇಳಿದೆ. ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದೆ ಬಂದಾಗ ನೇರಳೆ ಮುಚ್ಚಳದ್ದರಿಂದ ಸ್ವಲ್ಪ ಸುರಿದಿದ್ದರಂತೆ. ರಕ್ತ ಹೆಪ್ಪುಗಟ್ಟದಿರಲೆಂದು ನೇರಳೆಯದರಲ್ಲಿ ಹಾಕಿರುವ ಇಡಿಟಿಎ ಎಂಬ ರಾಸಾಯನಿಕ ಪೊಟ್ಯಾಸಿಯಂ ಲವಣದ ರೂಪದಲ್ಲಿರುತ್ತದೆ, ಮೇಲಾಗಿ ಕ್ಯಾಲ್ಸಿಯಂ ಹಿಡಿದಿಡುವುದೇ ಅದರ ಕೆಲಸ. ಹೊಸದಾಗಿ ತೆಗೆದ ಸ್ಯಾಂಪಲ್‌ನಲ್ಲಿ ಎರಡೂ ಸರಿಯಾಗಿದ್ದವು. ಯೂನಿಟ್ಟಿನ ಸೀನಿಯರ್ ಇದನ್ನೆಲ್ಲಿ ಓದಿದೆ ಎಂದರು. ಪುಸ್ತಕದ ಹೆಸರು ಹೇಳಲು ನನ್ನಲ್ಲಿರಲಿಲ್ಲ.

ಇಷ್ಟು ಓದಿ ಎಲ್ಲ ಲಾಭವೇ ಆಯಿತೆಂದು ಯಾರೂ ತಿಳಿಯಬಾರದು. ದುಡ್ಡು ಬಂದದ್ದು ನಿದ್ದೆಯ ಖಾತೆಯಿಂದ. 17 ಗಂಟೆ ಎಚ್ಚರವಿದ್ದವರ ಕೈ-ಕಣ್ಣಿನ ಹೊಂದಾಣಿಕೆ, ರಕ್ತದಲ್ಲಿ 0.05% ಆಲ್ಕೋಹಾಲ್ ಇರುವವರಷ್ಟೇ ಕುಗ್ಗುತ್ತದೆ ಎಂದು 1997ರ ಒಂದು ಪ್ರಸಿದ್ಧ ಅಧ್ಯಯನ ತೋರಿಸಿದೆ. ಅಂಥ ಸ್ಥಿತಿಯಲ್ಲಿ ಸ್ಕಾಲ್ಪೆಲ್ ಹಿಡಿದು ಸಣ್ಣ ನರ ಹುಡುಕಿದ್ದೇನೆ. ಅನಾಟಮಿ ಮೇಷ್ಟರು ಶನಿವಾರ ಮಧ್ಯಾಹ್ನ ಡಿಸೆಕ್ಷನ್ ಹಾಲಿನ ಬಾಗಿಲು ತೆರೆಸಿ ಕೊಡದಿದ್ದರೆ ಆ ವರ್ಷ ದಾಟುತ್ತಿದ್ದೆನೋ ಇಲ್ಲವೋ. "ಟೈಮ್ ಮ್ಯಾನೇಜ್‌ಮೆಂಟ್ ಇದ್ದರೆ ಸಾಕು" ಅನ್ನುವವರ ಮಾತು ಕೇಳಿದರೆ ನನಗೆ ಇವತ್ತಿಗೂ ರೇಗುತ್ತದೆ. ಮ್ಯಾನೇಜ್ ಮಾಡುವಷ್ಟು ಟೈಮ್ ಇದ್ದವರ ಮಾತು ಅದು. ಇನ್ನು ಗೆಳೆತನ. ಬೆಳಿಗ್ಗೆ ಕ್ಲಾಸಿನಲ್ಲಿ ಎಲ್ಲರೂ ಹಿಂದಿನ ಸಂಜೆಯ ಯಾವುದೋ ಮಾತಿಗೆ ನಗುತ್ತಿದ್ದರೆ ನಾನೊಬ್ಬ ಏನಾಯ್ತೆಂದು ಕೇಳಬೇಕಾಗುತ್ತಿತ್ತು. ಕೆಲವು ದಿನ ಕೇಳುತ್ತಲೂ ಇರಲಿಲ್ಲ.

ವಾರ್ಡ್ ಪೋಸ್ಟಿಂಗ್ ಪೂರಾ ಶುರುವಾದಾಗ ಲ್ಯಾಬು ಬಿಟ್ಟೆ. ಪುಸ್ತಕವನ್ನು ರಾತ್ರಿ ಓದಬಹುದು, ಲೇಬಲ್ ಹಾಳೆಯ ಹಿಂದೆಯೂ ಓದಬಹುದು. ಅಡ್ಮಿಷನ್‌ಗಳು ಬರುವುದೇ ಸಂಜೆಯ ಮೇಲೆ. ಉಸಿರಾಟದ ತೊಂದರೆಯಿಂದ ಬಂದವರ ಎದೆಗೆ ಸ್ಟೆತ್ ಇಟ್ಟು ಒಳಗಿನ ಸದ್ದು ಕೇಳುವ ಅವಕಾಶ ಆ ಹೊತ್ತಿನಲ್ಲಿ ಅಲ್ಲಿದ್ದವರಿಗಷ್ಟೇ, ಬೆಳಿಗ್ಗೆ ರೌಂಡ್ಸಿನ ಹೊತ್ತಿಗೆ ಔಷಧಿ ಕೊಟ್ಟು ಆ ಸದ್ದು ಮಾಯವಾಗಿರುತ್ತದೆ. ಮೇಡಂಗೆ ಹೇಳಲು ಹೋದಾಗ "ಇಷ್ಟು ದಿನ ಯಾಕೆ ಕಾದಿರಿ?" ಎಂದರು. ಉಳಿದ ವರ್ಷಗಳಿಗೆ ಸಾಲ ಮಾಡಿದೆ. ಅದು ತೀರಿದ್ದು ಪಿಜಿ ಮುಗಿಸಿ ಎಷ್ಟೋ ಕಾಲದ ಮೇಲೆ.